ಹಳೆ ಬೋಟಿನ ಸ್ಟರ್ನ್‌ಡ್ರೈವ್: ಬದಲಿಸುವ ಮುನ್ನ ನೋಡಬೇಕಾದ್ದು, ಬದಲಿಸುವ ಕ್ರಮ

ಅಮೆರಿಕದ ಮಿಚಿಗನ್, ಮಿನೆಸೋಟದಂಥ ಲೇಕುಗಳ ರಾಜ್ಯಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಹಳೆಯ ಬೋಟು ತುಂಬಾ ಅಗ್ಗಕ್ಕೆ ಸಿಗುತ್ತದೆ. ಮಾರುವವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ‘ಎಂಜಿನ್ ಚೆನ್ನಾಗಿದೆ, ಡ್ರೈವ್ ಮಾತ್ರ ಸ್ವಲ್ಪ ನೋಡಿಸಬೇಕು.’ ಆ ‘ಸ್ವಲ್ಪ’ದ ಬೆಲೆ ಕೆಲವೊಮ್ಮೆ ಬೋಟಿನ ಬೆಲೆಗಿಂತ ಜಾಸ್ತಿ ಇರುತ್ತದೆ. ಅಲ್ಲಿ ನೆಲೆಸಿ ಇಂಥ ಬೋಟು ಕೊಂಡವರಿಗೆ, ಕೊಳ್ಳುವ ಆಸೆ ಇರುವವರಿಗೆ ಈ ಬರಹ. ಸ್ಪ್ಯಾನರ್ ಹಿಡಿದು ಅಭ್ಯಾಸ ಇದ್ದರೆ ಕೆಲಸದ ಬಹುಪಾಲು ಮನೆಯ ಡ್ರೈವ್‌ವೇನಲ್ಲೇ ಆಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡ್ರೈವ್, ಅಂದರೆ ಬೋಟಿನ ಹಿಂದೆ ಹೊರಗಿರುವ ಗೇರು-ಪ್ರೊಪೆಲ್ಲರ್ ಜೋಡಣೆ, ತಾನಾಗಿ ಸಾಯುವುದು ಕಡಿಮೆ. ಅದನ್ನು ಕೊಲ್ಲುವುದು ಹೆಚ್ಚಾಗಿ ಬೋಟಿನ ಕಡೆ ಇರುವ ಸಾಮಾನು: ಬಿರುಕು ಬಿಟ್ಟ ರಬ್ಬರ್, ತುಕ್ಕು ಹಿಡಿದ ಬೇರಿಂಗ್, ಸಾಲು ತಪ್ಪಿದ ಎಂಜಿನ್. ಅವನ್ನು ಹಾಗೇ ಬಿಟ್ಟು ಹೊಸ ಡ್ರೈವ್ ಹಾಕಿದರೆ ಹಳೆಯದಕ್ಕೆ ಆದ ಗತಿಯೇ ಹೊಸದಕ್ಕೂ.

ಏನಿದು, ಹೇಗೆ ಓಡುತ್ತದೆ

ಮಲ್ಪೆಯ ಟ್ರಾಲ್ ಬೋಟುಗಳಲ್ಲಿ ಎಂಜಿನ್ ಒಳಗಿದ್ದು, ಶಾಫ್ಟ್ ನೇರವಾಗಿ ತಳದಿಂದ ಹೊರಗೆ ಹೋಗುತ್ತದೆ. ಔಟ್‌ಬೋರ್ಡಿನಲ್ಲಿ ಎಂಜಿನ್ನೇ ಹೊರಗೆ ನೇತಾಡುತ್ತದೆ. ಸ್ಟರ್ನ್‌ಡ್ರೈವ್ ಇವೆರಡರ ನಡುವಿನದು. ಎಂಜಿನ್ ಒಳಗೆ, ಗೇರು ಮತ್ತು ಪ್ರೊಪೆಲ್ಲರ್ ಹೊರಗೆ. ಬೋಟಿನ ಹಿಂದಿನ ಗೋಡೆಯೇ ಟ್ರಾನ್ಸಮ್. ಅದರಲ್ಲಿ ಕೊರೆದ ದೊಡ್ಡ ತೂತಿನ ಮೂಲಕ ಎರಡೂ ಸೇರುತ್ತವೆ. ವೋಲ್ವೊ ಪೆಂಟಾ 1959ರಲ್ಲಿ ಅಕ್ವಾಮ್ಯಾಟಿಕ್ ಅನ್ನುವ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಎರಡು ವರ್ಷದಲ್ಲಿ ಮರ್ಕ್ರೂಸರ್ ಬಂತು.

ಹಳೆ ಬೋಟುಗಳಲ್ಲಿ ಎಲ್ಲೆಲ್ಲೂ ಕಾಣುವುದು ಮರ್ಕ್ರೂಸರ್ ಆಲ್ಫಾ ವನ್. ಹಾಗಾಗಿ ಇಲ್ಲಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮದು ಓಎಂಸಿ ಕೋಬ್ರಾ ಆಗಿದ್ದರೆ ಸ್ವಲ್ಪ ಯೋಚಿಸಿ. ಓಎಂಸಿ ಕಂಪನಿ 2000ದಲ್ಲಿ ದಿವಾಳಿ ಎದ್ದಿತು, ಅದರ ಭಾಗಗಳಿಗೆ ಹುಡುಕಾಟ ಜಾಸ್ತಿ.

ಎಂಜಿನ್ನಿನ ಹಿಂಬದಿಯಲ್ಲಿ ರಬ್ಬರ್ ನಡುವಿರುವ ಒಂದು ಕಪ್ಲರ್ ಇದೆ. ಡ್ರೈವಿನ ಇನ್‌ಪುಟ್ ಶಾಫ್ಟಿನ ಹಲ್ಲುಗಳು, ಅಂದರೆ ಸ್ಪ್ಲೈನ್, ಅದರೊಳಗೆ ಕೂರುತ್ತವೆ. ನಡುವೆ ಶಾಫ್ಟಿಗೆ ಆಸರೆ ಕೊಡುವುದು ಗಿಂಬಲ್ ಬೇರಿಂಗ್. ಅದರ ಹಿಂದೆ ಯು-ಜಾಯಿಂಟ್. ಲಾರಿಯ ಕೆಳಗೆ ನೋಡಿರುತ್ತೀರಿ, ಅದೇ ಯುಜೆ ಕ್ರಾಸ್. ಡ್ರೈವ್ ಎಡಕ್ಕೆ, ಬಲಕ್ಕೆ, ಮೇಲಕ್ಕೆ ತಿರುಗಿದರೂ ಶಾಫ್ಟ್ ಓಡುತ್ತಿರುವುದು ಇದರಿಂದಲೇ. ಈ ಯು-ಜಾಯಿಂಟ್ ಇರುವುದು ನೀರಿನ ಮಟ್ಟಕ್ಕಿಂತ ಕೆಳಗೆ. ಅದನ್ನು ಒಣಗಿಡುವುದು ಮಡಿಕೆ ಮಡಿಕೆಯ ಒಂದು ರಬ್ಬರ್ ಕೊಳವೆ. ಅದರ ಹೆಸರು ಬೆಲ್ಲೋಸ್. ಇಡೀ ಬೋಟು ತೇಲುತ್ತಿರುವುದು ಆ ರಬ್ಬರಿನ ಕೃಪೆಯಿಂದ ಅಂದರೆ ಸುಮ್ನೆ ಮಾತಲ್ಲ.

ಹಳೆಯದು ಯಾಕೆ ಹೋಯಿತು?

ಹೊಸದಕ್ಕೆ ದುಡ್ಡು ಕೊಡುವ ಮುನ್ನ ಅರ್ಧ ದಿನ ಇದಕ್ಕೆ ಕೊಡಿ.

ಮೊದಲು ಗೇರ್ ಆಯಿಲ್. ಡ್ರೈವಿನ ಕೆಳಗಿನ ಸ್ಕ್ರೂ ತೆಗೆದು, ಆಮೇಲೆ ಮೇಲಿನದನ್ನು ತೆಗೆಯಿರಿ. ಎಣ್ಣೆ ಕಪ್ಪಗೆ, ಗಟ್ಟಿಯಾಗಿ ಬಂದರೆ ಅದು ಬರೀ ಹಳೆಯದು. ಹಾಲು ಹಾಕಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ, ಯಾವುದೋ ಸೀಲ್ ಹೋಗಿದೆ. ಸ್ಕ್ರೂ ತುದಿಯ ಅಯಸ್ಕಾಂತ ನೋಡಿ. ಬೂದಿಯಂಥ ನಯವಾದ ಹುಡಿ ಅಂಟಿದ್ದರೆ ಚಿಂತೆಯಿಲ್ಲ. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಒಳಗೆ ಗೇರೋ ಬೇರಿಂಗೋ ಒಡೆದಿದೆ.

ನೀರು ಸೇರಿದ ಮಾತ್ರಕ್ಕೆ ಡ್ರೈವ್ ಎಸೆಯಬೇಕಾಗಿಲ್ಲ. ಎಣ್ಣೆ ಖಾಲಿ ಮಾಡಿ, ಸ್ಕ್ರೂ ತೂತಿಗೆ ಕೈಪಂಪು ಜೋಡಿಸಿ, 10–12 ಪಿಎಸ್‌ಐ ಗಾಳಿ ತುಂಬಿ ಬಿಡಿ. ಮುಳ್ಳು ಇಳಿಯುತ್ತಿದ್ದರೆ ಸೋಪು ನೀರು ಎರಚಿ, ಗುಳ್ಳೆ ಬರುವ ಕಡೆ ಸೋರುತ್ತಿದೆ. ಪ್ರೊಪೆಲ್ಲರ್ ಬಿಚ್ಚಿ ಅದರ ಹಿಂದೆ ನೋಡುವುದನ್ನು ಮರೆಯಬೇಡಿ. ಮೀನು ಹಿಡಿಯುವ ದಾರ ಶಾಫ್ಟಿಗೆ ಸುತ್ತಿಕೊಂಡು ಸೀಲನ್ನು ಕೊಯ್ದಿರುವುದು ಬಹಳ ಸಾಮಾನ್ಯ. ಸೀಲಿನ ಬೆಲೆಗೂ ಡ್ರೈವಿನ ಬೆಲೆಗೂ ಎಲ್ಲಿಯ ಹೋಲಿಕೆ, ಅಲ್ವಾ?

ಆಮೇಲೆ ಬೆಲ್ಲೋಸ್. ಡ್ರೈವನ್ನು ಪೂರ್ತಿ ಮೇಲೆತ್ತಿ, ಕೆಳಗೆ ಬೀಳದ ಹಾಗೆ ಮರದ ತುಂಡು ಕೊಟ್ಟು, ಟಾರ್ಚ್ ಹಿಡಿದು ಮಡಿಕೆಗಳ ಒಳಗೆ ನೋಡಿ. ಹೊರಗಿನಿಂದ ಚೆನ್ನಾಗಿ ಕಂಡರೂ ಮಡಿಕೆಯ ಬುಡದಲ್ಲಿ ಕೂದಲೆಳೆಯ ಬಿರುಕು ಇರುತ್ತದೆ. ಆಲ್ಫಾದಲ್ಲಿ ಮೂರು ಬೆಲ್ಲೋಸ್: ಯು-ಜಾಯಿಂಟಿನದು, ಎಕ್ಸಾಸ್ಟಿನದು, ಗೇರ್ ಕೇಬಲ್ಲಿನ ಸಣ್ಣದು. ಎಕ್ಸಾಸ್ಟಿನದು ಹರಿದರೆ ಸದ್ದು ಜಾಸ್ತಿಯಾಗುತ್ತದೆ, ಅಷ್ಟೆ. ಉಳಿದ ಎರಡರಲ್ಲಿ ಯಾವುದು ಹರಿದರೂ ಬೋಟು ಮುಳುಗಬಹುದು. ಗೇರ್ ಕೇಬಲ್ಲಿನದು ಗಾತ್ರದಲ್ಲಿ ಸಣ್ಣದು ಅಂತ ಜನ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಎರಡು ಕೈಯಲ್ಲಿ ಡ್ರೈವ್ ಹಿಡಿದು ಎಡಬಲಕ್ಕೆ ಅಲುಗಾಡಿಸಿ. ಸ್ಟೀರಿಂಗ್ ಅಲುಗದೆ ಡ್ರೈವ್ ಮಾತ್ರ ಲಟಲಟ ಅಂದರೆ ಅದನ್ನು ಹಿಡಿದು ತಿರುಗಿಸುವ ಬಳೆ, ಗಿಂಬಲ್ ರಿಂಗ್, ಸವೆದಿದೆ. ಕೊನೆಗೆ ಟ್ರಾನ್ಸಮ್ಮನ್ನೇ ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟುತ್ತಾ ಬನ್ನಿ. ಫೈಬರ್‌ಗ್ಲಾಸಿನ ಒಳಗೆ ಪ್ಲೈವುಡ್ ಇರುತ್ತದೆ. ಗಟ್ಟಿ ಸದ್ದು ಬರಬೇಕು. ಮೆತ್ತಗೆ, ಬೊದ್ದಾಗಿ ಕೇಳಿಸಿದರೆ ಮರ ಕೊಳೆತಿದೆ. ಅಂಥ ಬೋಟಿಗೆ ಹೊಸ ಡ್ರೈವ್ ಹಾಕುವುದು ಬೇಡ. ಮೊದಲು ಟ್ರಾನ್ಸಮ್, ಇಲ್ಲವೇ ಬೇರೆ ಬೋಟು.

ಯಾವ ಡ್ರೈವ್ ತರಬೇಕು

ಬೋಟಿನಲ್ಲಿ ಮೂರು ಸೀರಿಯಲ್ ನಂಬರ್ ಇರುತ್ತವೆ. ಎಂಜಿನ್ನಿಗೆ ಒಂದು, ಟ್ರಾನ್ಸಮ್ ಜೋಡಣೆಗೆ ಒಂದು, ಡ್ರೈವಿಗೆ ಒಂದು. ಮೂರನ್ನೂ ಬರೆದುಕೊಂಡು ಪಾರ್ಟ್ಸ್ ಅಂಗಡಿಗೆ ಹೋಗಿ. ‘1989ರ ಬೋಟು’ ಅಂದರೆ ಸಾಲದು. ಮಧ್ಯದಲ್ಲಿ ಯಾರೋ ಡ್ರೈವ್ ಬದಲಿಸಿರಬಹುದು.

ಆಲ್ಫಾ ವನ್‌ನಲ್ಲಿ ಎರಡು ಪೀಳಿಗೆ. 1990ರವರೆಗಿನದು ಮೊದಲನೆಯದು, 1991ರಿಂದ ಜೆನ್ 2. ಒಂದರ ಮೇಲ್ಭಾಗ ಇನ್ನೊಂದರ ಕೆಳಭಾಗಕ್ಕೆ ಕೂರುವುದಿಲ್ಲ. ಅರ್ಧ ಡ್ರೈವ್ ಅಗ್ಗಕ್ಕೆ ಸಿಕ್ಕಿತು ಅಂತ ತರುವ ಮುಂಚೆ ಇದನ್ನು ನೆನಪಿಡಿ.

ಇದಕ್ಕಿಂತ ದೊಡ್ಡ ವಿಷಯ ಗೇರ್ ಅನುಪಾತ. ಹಳೆ ಆಲ್ಫಾದಲ್ಲಿ ಸಾಮಾನ್ಯವಾಗಿ 3.0 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನಿಗೆ 1.98, 4.3 ಲೀಟರಿನ ವಿ6ಗೆ 1.84, 5.7 ಲೀಟರಿನ ವಿ8ಕ್ಕೆ 1.50. ಹೊರಗಿನಿಂದ ಮೂರೂ ಒಂದೇ ಥರ, ಮೂರೂ ಅದೇ ಬೋಲ್ಟುಗಳಿಗೆ ಕೂರುತ್ತವೆ. ವಿ8ರ ಡ್ರೈವನ್ನು ನಾಲ್ಕು ಸಿಲಿಂಡರಿಗೆ ಹಾಕಿದರೆ ಎಂಜಿನ್ ಏದುಸಿರು ಬಿಡುತ್ತದೆ, ಬೋಟು ಮೇಲೇಳುವುದೇ ಇಲ್ಲ. ತಿರುಗಾಮುರುಗಾ ಹಾಕಿದರೆ ಎಂಜಿನ್ ಅಳತೆ ಮೀರಿ ಕಿರುಚುತ್ತದೆ.

ಹಳೆಯ ಡ್ರೈವ್ ಕೊಳ್ಳುವಾಗ ಅಂಟಿಸಿದ ಚೀಟಿ ನಂಬಬೇಡಿ, ಎಣಿಸಿ ನೋಡಿ. ಗೇರನ್ನು ಫಾರ್ವರ್ಡ್‌ಗೆ ಹಾಕಿ, ಪ್ರೊಪೆಲ್ಲರ್ ಶಾಫ್ಟಿಗೂ ಮೇಲಿನ ಇನ್‌ಪುಟ್ ಶಾಫ್ಟಿಗೂ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಒಬ್ಬರು ಮೇಲೆ ತಿರುಗಿಸಿ ಎಣಿಸಲಿ, ಇನ್ನೊಬ್ಬರು ಕೆಳಗೆ ನೋಡಲಿ. ಪ್ರೊಪೆಲ್ಲರ್ ಶಾಫ್ಟ್ 10 ಸುತ್ತು ಮುಗಿಸುವಾಗ ಮೇಲೆ 15 ಸುತ್ತಾಗಿದ್ದರೆ 1.50. ಹದಿನೆಂಟೂವರೆಯ ಹತ್ತಿರ ಬಂದರೆ 1.84. ಇಪ್ಪತ್ತಕ್ಕೆ ಒಂಚೂರು ಕಡಿಮೆಯಾದರೆ 1.98. ತಿರುಗಿಸುವಾಗ ಕೈಗೆ ಕಲ್ಲುಕಲ್ಲಾಗಿ ತಾಗಿದರೆ ಆ ಡ್ರೈವ್ ಬಿಟ್ಟು ಬನ್ನಿ.

ಹೊಸದೇ ಬೇಕೆಂದರೆ ಮರ್ಕ್ರೂಸರ್ ತಯಾರಿಸುವ ಮರ್ಕ್ಯುರಿ ಕಂಪನಿಯದಲ್ಲದೆ ಎಸ್‌ಇಐ ಎಂಬ ಕಂಪನಿಯ ಬದಲಿ ಡ್ರೈವುಗಳೂ ಇವೆ. ಎಸ್‌ಇ106 ಮೊದಲ ಪೀಳಿಗೆಯ ಆಲ್ಫಾಗೆ, ಎಸ್‌ಇ116 ಜೆನ್ 2ಕ್ಕೆ. ಅಗ್ಗದ ಬೋಟಿಗೆ ಇದು ತಕ್ಕ ದಾರಿ ಅನ್ನುವುದು ನನ್ನ ಅಭಿಪ್ರಾಯ. ಹುಟ್ಟು ಗೊತ್ತಿಲ್ಲದ ಹಳೆಯ ಡ್ರೈವಿಗಿಂತ ವಾರಂಟಿ ಇರುವ ಹೊಸದು ಮೇಲು.

ಬಿಚ್ಚುವುದು

ಬ್ಯಾಟರಿ ಸಂಪರ್ಕ ತೆಗೆಯುವ ಮುನ್ನ ಎರಡು ಕೆಲಸ: ಡ್ರೈವನ್ನು ಪೂರ್ತಿ ಕೆಳಗಿಳಿಸಿ, ಗೇರನ್ನು ಫಾರ್ವರ್ಡ್‌ಗೆ ಹಾಕಿ. ಆಲ್ಫಾದಲ್ಲಿ ಗೇರ್ ಫಾರ್ವರ್ಡ್‌ನಲ್ಲಿ ಇದ್ದರೆ ಮಾತ್ರ ಕೊಂಡಿ ಬಿಡಿಸಿಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ಎಳೆದಾಡಿದರೆ ಒಳಗಿನ ಭಾಗ ಮುರಿಯುತ್ತದೆ. ಮರ್ಕ್ರೂಸರಿನದೇ ಇನ್ನೊಂದು ಡ್ರೈವ್ ಆದ ಬ್ರಾವೋ ಮಾದರಿಯಲ್ಲಾದರೆ ನ್ಯೂಟ್ರಲ್. ಈಗ ಬ್ಯಾಟರಿ ತೆಗೆಯಿರಿ. ಗೇರ್ ಆಯಿಲ್ ಖಾಲಿ ಮಾಡಿ, ಪ್ರೊಪೆಲ್ಲರ್ ಬಿಚ್ಚಿಡಿ.

ಮುಂದೆ ಡ್ರೈವಿಗೆ ಆಸರೆ. ಇದನ್ನು ಇಬ್ಬರು ಸೇರಿ ಎತ್ತಿದರೂ ಸೊಂಟಕ್ಕೆ ಗೊತ್ತಾಗುತ್ತದೆ. ಚಕ್ರವಿರುವ ಸ್ಟ್ಯಾಂಡ್ ಅಥವಾ ಎಂಜಿನ್ ಎತ್ತುವ ಹಾಯ್ಸ್ಟ್ ಬಾಡಿಗೆಗೆ ತನ್ನಿ. ಆಸರೆ ಕೊಟ್ಟ ಮೇಲೆ, ಡ್ರೈವನ್ನು ಎತ್ತಿ ಇಳಿಸುವ ಎರಡು ಟ್ರಿಮ್ ಸಿಲಿಂಡರ್‌ಗಳ ಹಿಂದಿನ ಪಿನ್ ತೆಗೆದು, ಸಿಲಿಂಡರ್‌ಗಳನ್ನು ಹಗ್ಗದಿಂದ ಮೇಲಕ್ಕೆ ಕಟ್ಟಿ. ಅದರ ಪೈಪುಗಳ ಮೇಲೆ ಭಾರ ಬೀಳಬಾರದು. ಸ್ಪೀಡೋಮೀಟರಿನ ಸಣ್ಣ ಟ್ಯೂಬ್ ಇದ್ದರೆ ಅದನ್ನೂ ಬಿಡಿಸಿ.

ಬೋಟಿನ ಕಡೆ ಡ್ರೈವ್ ಬಂದು ಕೂರುವ ಲೋಹದ ಭಾಗವೇ ಬೆಲ್ ಹೌಸಿಂಗ್. ಡ್ರೈವನ್ನು ಅದಕ್ಕೆ ಹಿಡಿದಿರುವುದು ಆರು ನಟ್. 5/8 ಇಂಚಿನ ಸಾಕೆಟ್ ಸಾಕು. ಐದನ್ನು ಪೂರ್ತಿ ತೆಗೆದು, ಮೇಲಿನದೊಂದನ್ನು ತುದಿಯಲ್ಲಿ ಬಿಡಿ. ಡ್ರೈವನ್ನು ಎಡಬಲ ಅಲುಗಿಸುತ್ತಾ ಹಿಂದಕ್ಕೆ ಎಳೆದು, ಅದು ಸಡಿಲವಾದ ಮೇಲೆ ಕೊನೆಯ ನಟ್ ತೆಗೆಯಿರಿ. ಬೇರಿಂಗ್ ತುಕ್ಕು ಹಿಡಿದು ಶಾಫ್ಟಿಗೆ ಅಂಟಿದ್ದರೆ ಇಲ್ಲಿ ಒದ್ದಾಟ ಶುರು. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಸಂದಿಗೆ ಉಳಿ ಇಟ್ಟು ಬಡಿಯಬೇಡಿ. ಅಲ್ಯುಮಿನಿಯಂ ಮೈ ಗೀರಿದರೆ ಹೊಸ ಗ್ಯಾಸ್ಕೆಟ್ ಕೂಡ ಸೋರುತ್ತದೆ.

ಡ್ರೈವ್ ಹೊರಗಿರುವಾಗ

ಅಸಲಿ ಕೆಲಸ ಇದು. ಹೊರಗೆ ಬಂದ ಯು-ಜಾಯಿಂಟನ್ನು ಮೊದಲು ನೋಡಿ. ಗ್ರೀಸು ಕಾಣಬೇಕಾದ ಜಾಗದಲ್ಲಿ ಕೆಂಪು ಹುಡಿ ಇದ್ದರೆ ಬೆಲ್ಲೋಸಿನೊಳಗೆ ನೀರು ಬಂದಿತ್ತು ಅಂತಲೇ ಅರ್ಥ. ಇನ್‌ಪುಟ್ ಶಾಫ್ಟಿನ ಸ್ಪ್ಲೈನ್ ಹಲ್ಲುಗಳು ಚೂಪಾಗಿ ಸವೆದಿದ್ದರೆ ಎಂಜಿನ್ ಸಾಲು ತಪ್ಪಿತ್ತು. ಹಳೆ ಡ್ರೈವ್ ಯಾಕೆ ಹೋಯಿತು ಎಂಬುದಕ್ಕೆ ಉತ್ತರ ಹೆಚ್ಚಾಗಿ ಈ ಎರಡರಲ್ಲೇ ಸಿಗುತ್ತದೆ.

ಗಿಂಬಲ್ ಬೇರಿಂಗಿನೊಳಗೆ ಕೈ ಹಾಕಿ ಬೆರಳಿಂದ ತಿರುಗಿಸಿ. ಸದ್ದಿಲ್ಲದೆ, ತಡೆಯಿಲ್ಲದೆ ತಿರುಗಬೇಕು. ಗರಗರ ಅಂದರೆ ಬದಲಿಸಿ. ತೆಗೆಯಲು ಸ್ಲೈಡ್ ಹ್ಯಾಮರ್ ಇರುವ ಪುಲ್ಲರ್ ಬೇಕು, ಆಟೊ ಪಾರ್ಟ್ಸ್ ಅಂಗಡಿಗಳಲ್ಲಿ ಎರವಲು ಕೊಡುತ್ತಾರೆ. ಹೊಸ ಬೇರಿಂಗಿನ ಸುತ್ತ ಸೀಳಿರುವ ಒಂದು ಬಳೆ ಇರುತ್ತದೆ. ಆ ಸೀಳು ಗ್ರೀಸ್ ನಿಪ್ಪಲ್ಲಿನ ತೂತಿಗೆ ಎದುರಾಗುವಂತೆ ಕೂರಿಸಿ. ತಪ್ಪಿದರೆ ಮುಂದೆ ಎಷ್ಟು ಗ್ರೀಸ್ ಹೊಡೆದರೂ ಬೇರಿಂಗಿಗೆ ಹೋಗುವುದಿಲ್ಲ.

ಬೆಲ್ಲೋಸ್ ಮೂರನ್ನೂ ಒಟ್ಟಿಗೇ ಬದಲಿಸಿ. ಅದಕ್ಕೆ ಬೆಲ್ ಹೌಸಿಂಗ್ ಬಿಚ್ಚಬೇಕು. ಅದು ನಿಂತಿರುವ ಎರಡು ಹಿಂಜ್ ಪಿನ್ ತೆಗೆಯಲು ಬೇರೆಯದೇ ಟೂಲ್ ಬರುತ್ತದೆ. ದುಡ್ಡು ಉಳಿಸಲು ಹೋಗಿ ಪಿನ್ನಿನ ತಲೆ ಸವೆಸಿಕೊಂಡರೆ ಇನ್ನೊಂದು ದಿನದ ಕೆಲಸ. ಹೌಸಿಂಗ್ ಬಂದ ಮೇಲೆ ಹಳೆಯ ಅಂಟನ್ನು ಪೂರ್ತಿ ಕೆರೆದು, ಲೋಹ ಹೊಳೆಯುವಂತೆ ಒರೆಸಿ. ಯು-ಜಾಯಿಂಟಿನ ಬೆಲ್ಲೋಸಿಗೆ ಅದರದ್ದೇ ಅಂಟು ಬಳಿದು, ಕೈಗೆ ಜಿಗುಟಾಗುವವರೆಗೆ ಕಾಯಿರಿ. ಆಮೇಲೆ ಕೂರಿಸಿ ಕ್ಲ್ಯಾಂಪ್ ಬಿಗಿಯಿರಿ. ಕ್ಲ್ಯಾಂಪಿನ ಸ್ಕ್ರೂ ಬೇರೆ ಬೆಲ್ಲೋಸಿಗೆ ಉಜ್ಜದ ಕಡೆ ಇರಲಿ. ಹಿಂಜ್ ಪಿನ್ನಿಗೆ ಥ್ರೆಡ್‌ಲಾಕ್ ಹಚ್ಚಿ ಹಾಕಿ. ಭಾಗದಿಂದ ಭಾಗಕ್ಕೆ ಹೋಗುವ ಸಣ್ಣ ಅರ್ತಿಂಗ್ ವೈರುಗಳನ್ನು ಮರಳಿ ಜೋಡಿಸಿ. ಲೋಹ ತಿನ್ನದಂತೆ ಕಾಯುವುದು ಅವೇ. ತುಂಬಾ ಜನ ‘ಇದೇನು ಮಹಾ’ ಅಂತ ಬಿಟ್ಟುಬಿಡುತ್ತಾರೆ.

ಗೇರ್ ಕೇಬಲ್ ಬಿಗಿಯಾಗಿದ್ದರೆ ಇದೇ ಸಮಯದಲ್ಲಿ ಬದಲಿಸಿಬಿಡಿ. ನ್ಯೂಟ್ರಲ್‌ಗೆ ತರುವಾಗ ಎಂಜಿನ್ ಆಫ್ ಆಗುತ್ತಿತ್ತೇ? ಹೆಚ್ಚಾಗಿ ಕೇಬಲ್ಲಿನದೇ ತಕರಾರು. ಅದರ ಹೊಂದಾಣಿಕೆ ಮಾತ್ರ ಮಿಲಿಮೀಟರ್ ಲೆಕ್ಕದ್ದು. ಸರ್ವಿಸ್ ಮ್ಯಾನ್ಯುಯಲ್ ತೆರೆದಿಟ್ಟುಕೊಂಡೇ ಮಾಡಿ.

ಈಗ ಅಲೈನ್‌ಮೆಂಟ್. ಇದಕ್ಕೊಂದು ಉದ್ದನೆಯ ಸಲಾಕೆ ಬರುತ್ತದೆ, ತುದಿಯಲ್ಲಿ ಸ್ಪ್ಲೈನ್ ಇರುತ್ತದೆ. ತುದಿಗೆ ತೆಳ್ಳಗೆ ಗ್ರೀಸ್ ಬಳಿದು ಬೇರಿಂಗಿನ ಮೂಲಕ ಕಪ್ಲರ್‌ಗೆ ತೂರಿಸಿ. ಬೇರಿಂಗ್ ಸ್ವಲ್ಪ ಹೊರಳುವಂಥದ್ದು, ಆದ್ದರಿಂದ ಸಲಾಕೆಯನ್ನು ನಾಲ್ಕೂ ಕಡೆಯಿಂದ ಮೆಲ್ಲಗೆ ತಟ್ಟಿ ಅದನ್ನು ನಡುವಿಗೆ ತನ್ನಿ. ಎರಡು ಬೆರಳಲ್ಲಿ ಹಿಡಿದು ಎಳೆದರೆ, ತಳ್ಳಿದರೆ ಸಲಾಕೆ ಸಲೀಸಾಗಿ ಹೋಗಿ ಬರಬೇಕು. ಹೊರತೆಗೆದು ಗ್ರೀಸಿನ ಮೇಲೆ ಮೂಡಿದ ಗುರುತು ನೋಡಿ. ಸುತ್ತಲೂ ಒಂದೇ ಸಮ ಇದ್ದರೆ ಸರಿ. ಒಂದೇ ಬದಿಗೆ ಆಳವಾಗಿದ್ದರೆ ಎಂಜಿನ್ನಿನ ಮುಂದಿನ ಮೌಂಟುಗಳ ನಟ್ ತಿರುಗಿಸಿ, ಎರಡೂ ಕಡೆ ಸಮನಾಗಿ, ಕೂದಲಷ್ಟು ಏರಿಸಿ ಇಲ್ಲವೇ ಇಳಿಸಿ ಮತ್ತೆ ತೂರಿಸಿ. ಬೇಸರ ಬರುವಷ್ಟು ಸಲ ಮಾಡಬೇಕಾಗುತ್ತದೆ. ಮೌಂಟಿನ ನಟ್ ಪೂರ್ತಿ ಮುಗಿದರೂ ಸಾಲಿಗೆ ಬರದಿದ್ದರೆ ಎಂಜಿನ್ ಕೂತಿರುವ ಮರವೋ ಹಿಂದಿನ ಮೌಂಟೋ ಕುಸಿದಿದೆ. ಅಲ್ಲಿಗೆ ನಿಲ್ಲಿಸಿ, ಅದನ್ನು ಸರಿಮಾಡಿ.

ಕೂರಿಸುವುದು

ಹೊಸ ಗ್ಯಾಸ್ಕೆಟ್, ನೀರು ಹಾಯುವ ದಾರಿಯ ಹೊಸ ರಬ್ಬರ್ ಸೀಲ್ ಹಾಕಿ. ಇನ್‌ಪುಟ್ ಶಾಫ್ಟಿನ ಓ-ರಿಂಗುಗಳಿಗೆ ಮರೀನ್ ಗ್ರೀಸ್, ಸ್ಪ್ಲೈನಿಗೆ ಕಪ್ಲರ್ ಗ್ರೀಸ್. ಎರಡೂ ಬೇರೆ ಬೇರೆ, ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಡ್ರೈವ್ ಫಾರ್ವರ್ಡ್ ಗೇರಿನಲ್ಲಿರಲಿ, ಬೋಟಿನೊಳಗಿನ ಲಿವರ್ ಕೂಡ ಫಾರ್ವರ್ಡ್‌ನಲ್ಲೇ ಇರಲಿ. ಬೆಲ್ ಹೌಸಿಂಗಿನಲ್ಲಿ ಗೇರ್ ಕೊಂಡಿ ನೇರವಾಗಿ ನಿಂತಿದೆಯೇ ನೋಡಿಕೊಳ್ಳಿ.

ಸ್ಟ್ಯಾಂಡಿನ ಎತ್ತರ ಸರಿಮಾಡಿ ಡ್ರೈವನ್ನು ಮೆಲ್ಲಗೆ ಮುಂದೆ ತಳ್ಳಿ. ಶಾಫ್ಟ್ ಬೇರಿಂಗ್ ದಾಟಿ ಕಪ್ಲರ್‌ಗೆ ತಾಗಿ ನಿಲ್ಲುತ್ತದೆ. ಪ್ರೊಪೆಲ್ಲರ್ ಶಾಫ್ಟಿಗೆ ಪ್ರೊಪೆಲ್ಲರ್ ಸಿಕ್ಕಿಸಿ, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ನಿಧಾನವಾಗಿ ತಿರುಗಿಸುತ್ತಾ ತಳ್ಳಿದರೆ ಹಲ್ಲಿಗೆ ಹಲ್ಲು ಸಿಕ್ಕಿ ಸರಕ್ಕನೆ ಒಳಗೆ ಹೋಗುತ್ತದೆ. ಇಂಚು ಸಂದಿ ಉಳಿದರೆ ನಟ್ ಬಿಗಿದು ಎಳೆಯುವ ಆಸೆ ಬರುತ್ತದೆ. ಬೇಡವೇ ಬೇಡ. ಏನೋ ಸಾಲಿನಲ್ಲಿಲ್ಲ, ಹೊರಗೆಳೆದು ನೋಡಿ. ಮೈಗೆ ಮೈ ಕೂತ ಮೇಲಷ್ಟೇ ಆರು ನಟ್‌ಗಳನ್ನು ಎದುರುಬದುರಾಗಿ ಬಿಗಿಯುತ್ತಾ 50 ಅಡಿ-ಪೌಂಡ್‌ಗೆ, ಅಂದರೆ 68 ನ್ಯೂಟನ್ ಮೀಟರ್‌ಗೆ, ಟಾರ್ಕ್ ರೆಂಚ್‌ನಲ್ಲಿ ಮುಗಿಸಿ. ಟ್ರಿಮ್ ಪಿನ್ ಹಾಕಿ.

ಎಣ್ಣೆಯನ್ನು ಯಾವಾಗಲೂ ಕೆಳಗಿನ ತೂತಿನಿಂದ ಪಂಪ್ ಮಾಡಬೇಕು. ಮೇಲಿನಿಂದ ಹಾಕಿದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮೊದಲ ಪೀಳಿಗೆಗೆ ಸುಮಾರು 1.2 ಲೀಟರ್, ಜೆನ್ 2ಕ್ಕೆ ಬೋಟಿನೊಳಗೆ ಎಣ್ಣೆಯ ಮಟ್ಟ ತೋರಿಸುವ ಮಾನಿಟರ್ ಬಾಟಲಿ ಸೇರಿ 1.9 ಲೀಟರ್ ಹತ್ತಿರ ಹಿಡಿಯುತ್ತದೆ. ಮೇಲಿನ ತೂತಿನಿಂದ ಗುಳ್ಳೆಯಿಲ್ಲದ ಎಣ್ಣೆ ಬಂದ ಮೇಲೆ ಮೊದಲು ಅದನ್ನು ಮುಚ್ಚಿ, ಆಮೇಲೆ ಪಂಪ್ ತೆಗೆದು ಕೆಳಗಿನದನ್ನು ಬೇಗ ಮುಚ್ಚಿ. ಸ್ಕ್ರೂ ವಾಷರ್ ಹೊಸದಿರಲಿ. ಇಷ್ಟೆಲ್ಲ ಮಾಡಿ ಹಳೆ ವಾಷರಿನಿಂದ ನೀರು ಒಳಗೆ ಬಿಡುವುದು ಯಾಕೆ?

ಮೊದಲ ಸಲ ಓಡಿಸುವಾಗ

ಪ್ರೊಪೆಲ್ಲರ್ ತೆಗೆದಿಡಿ. ನೀರು ಎಳೆಯುವ ಕಿಂಡಿಗಳಿಗೆ ಇಯರ್‌ಮಫ್, ಅಂದರೆ ನಲ್ಲಿಯ ಪೈಪು ಸಿಕ್ಕಿಸುವ ರಬ್ಬರ್ ಬಟ್ಟಲುಗಳು, ಹಾಕಿ, ನಲ್ಲಿ ಬಿಟ್ಟು, ಎಂಜಿನ್ ಕೋಣೆಯ ಗಾಳಿ ಹೊರಹಾಕುವ ಫ್ಯಾನ್ ಆದ ಬ್ಲೋವರನ್ನು ನಾಲ್ಕು ನಿಮಿಷ ಓಡಿಸಿ, ಆಮೇಲೆ ಎಂಜಿನ್ ಚಾಲೂ ಮಾಡಿ. ಎಂಜಿನ್ ಕೋಣೆಯಲ್ಲಿ ನಿಂತ ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ಮಫ್ ಮೇಲೆ 1500 ಆರ್‌ಪಿಎಂ ದಾಟಿಸಬೇಡಿ. ನೀರಿಲ್ಲದೆ ಒಂದು ಕ್ಷಣವೂ ಬೇಡ, ಆಲ್ಫಾದ ನೀರಿನ ಪಂಪು ಡ್ರೈವಿನೊಳಗೇ ಇರುವುದು, ಅದರ ರಬ್ಬರ್ ಇಂಪೆಲ್ಲರ್ ಒಣಗಿ ಓಡಿದರೆ ಸುಟ್ಟುಹೋಗುತ್ತದೆ.

ಲೇಕಿಗೆ ಇಳಿಸಿದಾಗ ಟ್ರೈಲರ್ ಮೇಲಿಂದ ಬಿಡಿಸುವ ಮೊದಲು ತಳದ ಬಿಲ್ಜ್ ನೋಡಿ. ನೀರು ಬರುತ್ತಿದ್ದರೆ ಅಲ್ಲೇ ಮೇಲೆತ್ತಬಹುದು. ಒಂದೆರಡು ಗಂಟೆ ಓಡಿಸಿ ಬಂದ ಮೇಲೆ ಎಣ್ಣೆಯ ಮಟ್ಟ ಇನ್ನೊಮ್ಮೆ ನೋಡಿ, ಕಡಿಮೆಯಾಗಿದ್ದರೆ ತುಂಬಿಸಿ. ಪದೇ ಪದೇ ಕಡಿಮೆಯಾದರೆ ಸೋರುತ್ತಿದೆ.

ವರ್ಷ ವರ್ಷ

ಗೇರ್ ಆಯಿಲನ್ನು ಪ್ರತಿ ವರ್ಷ ಬದಲಿಸಿ, ಅದೂ ಚಳಿಗಾಲಕ್ಕೆ ಮುಂಚೆ. ವಸಂತದಲ್ಲಿ ಅಲ್ಲ. ಒಳಗೆ ನೀರು ಸೇರಿದ್ದರೆ ಮಿಚಿಗನ್ನಿನ ಜನವರಿಯಲ್ಲಿ ಅದು ಹೆಪ್ಪುಗಟ್ಟಿ ಹೌಸಿಂಗನ್ನೇ ಸೀಳುತ್ತದೆ. ಇಂಪೆಲ್ಲರ್ ಎರಡು ಮೂರು ವರ್ಷಕ್ಕೊಮ್ಮೆ. ಹಳೆಯದರ ರೆಕ್ಕೆ ಮುರಿದಿದ್ದರೆ ಆ ಚೂರು ಎಲ್ಲಿ ಹೋಯಿತು ಅಂತ ನೀರಿನ ಪೈಪಿನಲ್ಲಿ ಹುಡುಕಿ. ಇಲ್ಲದಿದ್ದರೆ ಮುಂದಿನ ಸಲ ಎಂಜಿನ್ ಬಿಸಿಯಾದಾಗ ಕಾರಣ ಸಿಗದೆ ತಲೆ ಕೆಡುತ್ತದೆ.

ಗಿಂಬಲ್ ಬೇರಿಂಗಿಗೆ ಗ್ರೀಸ್, ಪ್ರೊಪೆಲ್ಲರ್ ಶಾಫ್ಟಿಗೆ ಗ್ರೀಸ್ ವರ್ಷಕ್ಕೊಮ್ಮೆ. ಡ್ರೈವ್ ಬಿಚ್ಚಿ ಅಲೈನ್‌ಮೆಂಟ್, ಸ್ಪ್ಲೈನ್ ನೋಡುವುದೂ ವರ್ಷಕ್ಕೊಮ್ಮೆ ಆಗಬೇಕಾದ್ದೇ. ಅದನ್ನೇ ಹೆಚ್ಚಿನವರು ಮಾಡದಿರುವುದು. ತಿರುಗುವಾಗ ಹಿಂದಿನಿಂದ ಗುರ್ ಅನ್ನುವ ಸದ್ದು ಬಂದರೆ ವರ್ಷ ಮುಗಿಯುವವರೆಗೆ ಕಾಯಬೇಡಿ, ಬೇರಿಂಗ್ ಇಲ್ಲವೇ ಯು-ಜಾಯಿಂಟ್ ಹೋಗುತ್ತಿದೆ. ಬೆಲ್ಲೋಸ್ ಚೆನ್ನಾಗೇ ಕಂಡರೂ ಐದಾರು ವರ್ಷಕ್ಕೆ ಹೊಸದು ಹಾಕಿ.

ಆನೋಡ್ ಅಂದರೆ ಡ್ರೈವಿನ ಬದಲು ತಾನು ಕರಗುವ ಲೋಹದ ತುಂಡು. ಉಪ್ಪು ನೀರಿಗೆ ಜಿಂಕ್ ಅಥವಾ ಅಲ್ಯುಮಿನಿಯಂ, ಲೇಕಿನ ಸಿಹಿ ನೀರಿಗೆ ಮೆಗ್ನೀಸಿಯಂ. ಅರ್ಧ ಕರಗಿದರೆ ಬದಲಿಸಿ, ಅದಕ್ಕೆ ಪೇಂಟ್ ಬಳಿಯಬೇಡಿ. ಡ್ರೈವಿಗೂ ತಾಮ್ರವಿರುವ ಪಾಚಿ ತಡೆ ಪೇಂಟ್ ಹಚ್ಚಬಾರದು, ಅಲ್ಯುಮಿನಿಯಂ ಮೈಯನ್ನು ಅದು ತಿನ್ನುತ್ತದೆ.

ಚಳಿಗಾಲಕ್ಕೆ ಬೋಟು ನಿಲ್ಲಿಸುವಾಗ ಡ್ರೈವನ್ನು ಪೂರ್ತಿ ಕೆಳಗಿಳಿಸಿಯೇ ಇಡಿ. ಆಗ ಒಳಗಿನ ನೀರೆಲ್ಲ ಇಳಿದುಹೋಗುತ್ತದೆ, ಬೆಲ್ಲೋಸ್ ಕೂಡ ನೇರವಾಗಿ ನಿಲ್ಲುತ್ತದೆ. ಮೇಲೆತ್ತಿ ಬಿಟ್ಟರೆ ಐದಾರು ತಿಂಗಳು ಮಡಚಿಕೊಂಡೇ ಇರುವ ರಬ್ಬರ್ ಆ ಮಡಿಕೆಯಲ್ಲೇ ಬಿರಿಯುತ್ತದೆ. ಜಾಗ ಸಾಲದೆ ಮೇಲೆತ್ತಲೇಬೇಕಾದರೆ ಡ್ರೈವನ್ನೇ ಬಿಚ್ಚಿ ಗರಾಜಿನಲ್ಲಿ ನಿಲ್ಲಿಸಿ, ಬೆಲ್ ಹೌಸಿಂಗಿನ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ. ಹಾಗೆ ಮಾಡಿದರೆ ಬೇರಿಂಗ್, ಸ್ಪ್ಲೈನ್, ಅಲೈನ್‌ಮೆಂಟ್ ನೋಡುವ ಕೆಲಸವೂ ವಸಂತದಲ್ಲಿ ಡ್ರೈವ್ ಮರಳಿ ಕೂರಿಸುವ ಮುನ್ನವೇ ಆಗಿಹೋಗುತ್ತದೆ.